ಗೂಡಿನ ಹದ್ದು, ಕೆಳಗಿನ ಜನ: ಕೊಡಗಿನ ತೋಟಗಳಲ್ಲಿ ಊರವರೇ ಮಾಡುವ ವೀಕ್ಷಣೆಗೆ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಹದ್ದುಗಳು ಗೂಡು ಕಟ್ಟುವ ಕಾಲವೂ ತೋಟದಲ್ಲಿ ಕೆಲಸ ಜೋರಾಗಿರುವ ಕಾಲವೂ ಒಂದೇ. ಡಿಸೆಂಬರಿನಿಂದ ಮೇ ತನಕ ಕಾಫಿ ಕುಯ್ಲು, ಮೆಣಸು ಕುಯ್ಲು, ಹೂವಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್, ಸಿಲ್ವರ್ ಓಕ್ ಕಡಿತ, ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಒಂದರ ಹಿಂದೊಂದು ಬರುತ್ತವೆ. ಅದೇ ನೆರಳಿನ ಮರದ ಕವಲಿನಲ್ಲಿ ಹದ್ದು ಸಾಮಾನ್ಯವಾಗಿ ವರ್ಷಕ್ಕೊಂದೇ ಇಡುವ ಮೊಟ್ಟೆಗೆ ಕಾವು ಕೊಡುತ್ತಿರುತ್ತದೆ. ಇವುಗಳಲ್ಲಿ ಯಾವ ಕೆಲಸಕ್ಕೆ ಹಕ್ಕಿ ಗೂಡು ಬಿಟ್ಟು ಏಳುತ್ತದೆ, ಯಾವುದಕ್ಕೆ ತಲೆಯೂ ಎತ್ತುವುದಿಲ್ಲ ಎಂಬುದನ್ನು ಊಹಿಸಿ ಹೇಳಲಾಗದು. ದಿನವೂ ತೋಟದಲ್ಲಿರುವವರು ಗಡಿಯಾರ ನೋಡಿ ಬರೆದಿಟ್ಟರೆ ಹೇಳಬಹುದು.

ಗೂಡಿನ ದಾಖಲೆ ಎಂದರೆ ಹೆಚ್ಚಿನವರು ಹಕ್ಕಿ ಏನು ಮಾಡಿತೆಂದು ಪುಟಗಟ್ಟಲೆ ಬರೆಯುತ್ತಾರೆ. ಆ ಹೊತ್ತಿಗೆ ಕೆಳಗೆ ಯಾರಿದ್ದರು, ಎಷ್ಟು ದೂರದಲ್ಲಿದ್ದರು, ಏನು ಮಾಡುತ್ತಿದ್ದರು ಎಂಬ ಜಾಗ ಖಾಲಿ ಇರುತ್ತದೆ. ಅಂಥ ದಾಖಲೆಯಿಂದ ತೋಟದ ಒಂದು ಕೆಲಸವನ್ನೂ ಬದಲಾಯಿಸಲಾಗದು. ಈ ವಿಧಾನದಲ್ಲಿ ಜನರ ಕಾಲಂ ಹಕ್ಕಿಯ ಕಾಲಮ್ಮಿನಷ್ಟೇ ಮುಖ್ಯ. ಆ ಕಾಲಮ್ಮಿನಲ್ಲಿ ಮೊದಲು ಬರಬೇಕಾದವರು ನೋಡಲು ಹೋದ ನೀವೇ.

ಯಾವ ಹದ್ದು?

ತೋಟದಂಚಿನಲ್ಲಿ ಹೆಚ್ಚಾಗಿ ಸಿಗುವುದು ಪನ್ನಗಾರಿ, ಅಂದರೆ ಸರ್ಪ ಹದ್ದು. ಹಾರುವಾಗ ರೆಕ್ಕೆಯ ಅಡಿಯ ಹಿಂಬದಿಯಲ್ಲೂ ಬಾಲದಲ್ಲೂ ಅಗಲವಾದ ಬಿಳಿ ಪಟ್ಟಿ ಕಾಣುತ್ತದೆ. ಕಣ್ಣು ಮತ್ತು ಮುಖದ ಚರ್ಮ ಹಳದಿ. ಎತ್ತರದಲ್ಲಿ ಸುತ್ತುತ್ತಾ ಎರಡು ಮೂರು ಸ್ವರದ ಸಿಳ್ಳೆ ಹಾಕುತ್ತದೆ. ನೀರಿಗೆ ಹತ್ತಿರದ ಎತ್ತರದ ಮರ ಇದಕ್ಕೆ ಇಷ್ಟ, ಆದ್ದರಿಂದ ಹೊಳೆ ಬದಿಯ ತೋಟಗಳಲ್ಲಿ ಮೊದಲು ಇದನ್ನೇ ನಿರೀಕ್ಷಿಸಿ. ಸಾಮಾನ್ಯವಾಗಿ ಒಂದೇ ಮೊಟ್ಟೆ. ಕಾವು ಸುಮಾರು 41 ದಿನ. ಮರಿ ಹಾರಲು ಮತ್ತೆ ಎರಡು ತಿಂಗಳು.

ಕಪ್ಪು ಹದ್ದು ಮೈಯೆಲ್ಲ ಕಪ್ಪು, ಕಾಲು ಮತ್ತು ಕೊಕ್ಕಿನ ಬುಡ ಹಳದಿ. ರೆಕ್ಕೆ ಬುಡದಲ್ಲಿ ಕಿರಿದಾಗಿ ತುದಿಯಲ್ಲಿ ಬೆರಳು ಬಿಚ್ಚಿದಂತಿರುತ್ತದೆ. ಮರಗಳ ನೆತ್ತಿ ಸವರಿಕೊಂಡು ನಿಧಾನವಾಗಿ ತೇಲುತ್ತಾ ಬೇರೆ ಹಕ್ಕಿಗಳ ಗೂಡು ಹುಡುಕುತ್ತದೆ. ಜನವರಿಯಿಂದ ಏಪ್ರಿಲ್ ನಡುವೆ, ಕಡಿದಾದ ಕಣಿವೆಗೆ ಮುಖ ಮಾಡಿದ ದೊಡ್ಡ ಮರದಲ್ಲಿ ಮೂರು ನಾಲ್ಕು ಅಡಿ ಅಗಲದ ಗೂಡು ಕಟ್ಟುತ್ತದೆ. ಅದೇ ಗೂಡಿಗೆ ವರ್ಷ ವರ್ಷ ಮರಳುವುದೂ ಉಂಟು.

ಜುಟ್ಟು ಹದ್ದಿನ ನೆತ್ತಿಯಲ್ಲಿ ಉದ್ದ ಜುಟ್ಟು, ಎದೆಯ ಮೇಲೆ ಕಂದು ಗೀರು. ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಕೋಳಿಮರಿಗೆ ಕಣ್ಣು ಹಾಕುವ ಹದ್ದು ಹೆಚ್ಚಾಗಿ ಇದೇ. ಕೆಂಪು ಹೊಟ್ಟೆಯ ಹದ್ದು ದಟ್ಟ ಕಾಡಿನ ಹಕ್ಕಿ: ಕಪ್ಪು ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ಹೊಟ್ಟೆ. ದೊಡ್ಡ ಹೊಳೆ, ಹಿನ್ನೀರಿನ ಬದಿಯಲ್ಲಿ ಬೂದು ತಲೆಯ ಮೀನು ಹದ್ದನ್ನೂ ಗಮನಿಸಿ. ಅದರ ಬಿಳಿ ಬಾಲದ ತುದಿಗೆ ಅಗಲ ಕಪ್ಪು ಪಟ್ಟಿ ಇರುತ್ತದೆ. ಬಿಳಿ ತಲೆ, ಕೆಂಗಂದು ಮೈಯ ಗರುಡನನ್ನು ಈ ಪಟ್ಟಿಗೆ ಸೇರಿಸಬೇಡಿ. ಅದು ಜನರ ನಡುವೆಯೇ ಬದುಕುವ ಹಕ್ಕಿ, ಅದರ ಅಂಕಿ ಹದ್ದಿನ ಅಂಕಿಯೊಡನೆ ಬೆರೆತರೆ ಲೆಕ್ಕವೇ ಕೆಡುತ್ತದೆ.

ಒಂದು ಎಚ್ಚರಿಕೆ: ಭೀಮರಾಜ ಹದ್ದುಗಳ ಕೂಗನ್ನು ಚೆನ್ನಾಗಿ ಅನುಕರಿಸುತ್ತದೆ. ಕೂಗು ಮಾತ್ರ ಕೇಳಿ, ಹಕ್ಕಿ ಕಾಣದಿದ್ದರೆ ‘ಕೂಗು, ಖಚಿತವಿಲ್ಲ’ ಎಂದೇ ಬರೆಯಿರಿ.

ಒಪ್ಪಿಗೆ ಮತ್ತು ತಂಡ

1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯಲ್ಲಿ ‘ಬೇಟೆ’ಯ ವ್ಯಾಖ್ಯೆಯೊಳಗೇ ಕಾಡುಹಕ್ಕಿಯ ಮೊಟ್ಟೆ ಹಾಳು ಮಾಡುವುದು, ಮೊಟ್ಟೆ ಅಥವಾ ಗೂಡನ್ನು ಕದಡುವುದು ಸೇರಿದೆ. ಕೋವಿ ಹಿಡಿಯದೆಯೂ ಬೇಟೆಯ ತಪ್ಪಿಗೆ ಸಿಲುಕಬಹುದು ಎಂಬುದು ತಂಡದ ಎಲ್ಲರಿಗೂ ಮೊದಲ ದಿನವೇ ಗೊತ್ತಿರಬೇಕು. ಗೂಡು ಖಾಸಗಿ ತೋಟದಲ್ಲಿದ್ದರೆ ಮಾಲೀಕರ ಒಪ್ಪಿಗೆ ಬೇಕು, ದೇವರಕಾಡಿನಲ್ಲಿದ್ದರೆ ಊರಿನ ತಕ್ಕರು (ಊರ ಹಿರಿಯ ಮುಖ್ಯಸ್ಥರು) ಮತ್ತು ದೇವಸ್ಥಾನ ಸಮಿತಿಯ ಜೊತೆಗೆ ಅರಣ್ಯ ಇಲಾಖೆಗೂ ತಿಳಿಸಿ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮ ಅಥವಾ ನಾಗರಹೊಳೆಯ ಒಳಗಾದರೆ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಕಾಲಿಡಬೇಡಿ.

ಒಂದು ಗೂಡಿಗೆ ನಾಲ್ಕರಿಂದ ಆರು ಜನ ಸಾಕು. ಅವರಲ್ಲಿ ತೋಟದ ರೈಟರ್ (ಕೆಲಸದ ಲೆಕ್ಕ ಬರೆಯುವ ಗುಮಾಸ್ತ) ಅಥವಾ ಮೇಸ್ತ್ರಿ ಒಬ್ಬರು ಇರಲೇಬೇಕು. ನಾಳೆ ಯಾವ ಬ್ಲಾಕಿನಲ್ಲಿ ಯಾವ ಕೆಲಸ, ಎಷ್ಟು ಆಳು ಎಂಬುದು ಅವರಿಗೆ ಮಾತ್ರ ಮೊದಲೇ ಗೊತ್ತಿರುತ್ತದೆ, ಈ ವಿಧಾನ ನಿಂತಿರುವುದೂ ಆ ಮಾಹಿತಿಯ ಮೇಲೆ. ವರ್ಷವಿಡೀ ಆ ಮರಗಳ ಕೆಳಗೆ ಓಡಾಡುವ ಕಾರ್ಮಿಕರನ್ನು ಬಿಟ್ಟು ಪಟ್ಟಣದಿಂದ ವಾರಕ್ಕೊಮ್ಮೆ ಬರುವವರನ್ನೇ ಸೇರಿಸಿಕೊಂಡರೆ ಭಾನುವಾರದ ದಾಖಲೆ ಮಾತ್ರ ಕೈಗೆ ಸಿಗುತ್ತದೆ. ಭಾನುವಾರ ತೋಟದಲ್ಲಿ ಕೆಲಸ ಇರುವುದಿಲ್ಲ.

ಸಾಮಾನು ಹೆಚ್ಚೇನೂ ಬೇಡ. 8x42 ಬೈನಾಕ್ಯುಲರ್ ಎರಡು; ಸಿಕ್ಕರೆ 20ರಿಂದ 60 ಪಟ್ಟು ಹಿಗ್ಗಿಸುವ ಸ್ಪಾಟಿಂಗ್ ಸ್ಕೋಪ್ ಮತ್ತು ಅಲುಗಾಡದ ಟ್ರೈಪಾಡ್; ಸೆಕೆಂಡ್ ಮುಳ್ಳಿರುವ ಗಡಿಯಾರ; ರಟ್ಟಿನ ಹಲಗೆ, ಪೆನ್ಸಿಲ್. ಪೆನ್ನು ಬೇಡ, ಬೆಳಗಿನ ಮಂಜಿಗೆ ಶಾಯಿ ಹರಡುತ್ತದೆ. ಬಟ್ಟೆ ಕಂದು ಅಥವಾ ಮಾಸಲು ಹಸಿರು, ಪ್ರತಿ ಸಲವೂ ಅದೇ.

ಗೂಡು ಪತ್ತೆ ಮಾಡುವುದು

ಮರದಿಂದ ಮರಕ್ಕೆ ಅಲೆದು ಹುಡುಕಿದರೆ ಗೂಡು ಕಟ್ಟಲು ಜಾಗ ನೋಡುತ್ತಿರುವ ಜೋಡಿಯನ್ನು ಓಡಿಸಿದಂತೆ. ಕಟ್ಟುವ ಹಂತದಲ್ಲಿ ಹದ್ದು ಬಹಳ ಬೇಗ ಜಾಗ ಬಿಡುತ್ತದೆ. ಮೊಟ್ಟೆಯಿಟ್ಟ ಮೇಲೆ, ಮರಿಯಾದ ಮೇಲೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆದ್ದರಿಂದ ನವೆಂಬರ್, ಡಿಸೆಂಬರಿನಲ್ಲಿ ಬಾಣೆಯ (ಹುಲ್ಲು, ಮರಗಳಿರುವ ದಿಣ್ಣೆ ಜಮೀನು) ಎತ್ತರದಲ್ಲೋ ಗದ್ದೆಯ ಆಚೆ ಬದಿಯಲ್ಲೋ ಕುಳಿತು ದೂರದಿಂದಲೇ ಹುಡುಕಿ. ಬಿಸಿಲೇರಿ ಗಾಳಿ ಮೇಲೇಳುವ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಗಂಟೆ ಇದಕ್ಕೆ ಒಳ್ಳೆಯ ಹೊತ್ತು. ರೆಕ್ಕೆ ಮಡಚಿ ಕೆಳಕ್ಕೆ ಧುಮುಕಿ ಮತ್ತೆ ಮೇಲೇರುವ ಆಟ, ಜೋಡಿಯಾಗಿ ಸುತ್ತುವುದು, ಎಲ್ಲಕ್ಕಿಂತ ಹೆಚ್ಚಾಗಿ ಕಾಲಿನಲ್ಲಿ ಕಡ್ಡಿ ಅಥವಾ ಹಸಿರು ಎಲೆಯ ರೆಂಬೆ ಹಿಡಿದು ಒಂದೇ ದಿಕ್ಕಿಗೆ ಹೋಗುವುದನ್ನು ಗಮನಿಸಿ. ಪನ್ನಗಾರಿ ಗೂಡಿನೊಳಗೆ ಹಸಿರೆಲೆ ಹಾಸಿ ಆಗಾಗ ಬದಲಾಯಿಸುತ್ತದೆ, ಹಾಗಾಗಿ ಹಸಿರು ರೆಂಬೆ ಕಂಡರೆ ಗೂಡು ಬಳಕೆಯಲ್ಲಿದೆ ಎಂಬುದು ಬಹುಮಟ್ಟಿಗೆ ಖಚಿತ.

ಹಕ್ಕಿ ಇಳಿದ ಕಡೆಯನ್ನು ಎರಡು ಬೇರೆ ಬೇರೆ ಜಾಗದಿಂದ ಮೊಬೈಲಿನ ದಿಕ್ಸೂಚಿಯಲ್ಲಿ ಅಳೆಯಿರಿ. ಎರಡೂ ಗೆರೆಗಳನ್ನು ನಕ್ಷೆಯ ಮೇಲೆ ಎಳೆದರೆ ಕೂಡುವ ಬಿಂದುವಿನಲ್ಲಿ ಮರ ಸಿಗುತ್ತದೆ. ಎರಡು ಜಾಗಗಳ ನಡುವೆ ಕಡಿಮೆ ಎಂದರೂ 200 ಮೀಟರ್ ಅಂತರವಿರಲಿ, ಹತ್ತಿರ ಹತ್ತಿರದಿಂದ ಅಳೆದರೆ ಗೆರೆಗಳು ಎಲ್ಲಿ ಕೂಡಿದವೆಂದೇ ತಿಳಿಯುವುದಿಲ್ಲ. ಬೈನಾಕ್ಯುಲರಿನಲ್ಲಿ ಗೂಡೆಂದು ಕಂಡದ್ದೆಲ್ಲ ಗೂಡಲ್ಲ. ಕೆಂದಳಿಲಿನ ಗೂಡು ಎಲೆ ತುಂಬಿದ ಉಂಡೆಯಂತೆ ಕೊಂಬೆಯ ತುದಿಯ ಕಡೆಗಿರುತ್ತದೆ. ಕವಲಿನಲ್ಲಿ ಬೆಳೆದ ಬುಟ್ಟಿಯಾಕಾರದ ಜರಿಗಿಡ ಬೇಸಿಗೆಯಲ್ಲಿ ಒಣಗಿ ಕಂದಾದಾಗ ದೂರಕ್ಕೆ ಥೇಟ್ ಗೂಡೇ. ಹದ್ದಿನದು ದಪ್ಪ ಕಡ್ಡಿಗಳ ಚಪ್ಪಟೆ ಅಟ್ಟಣಿಗೆ; ಕಡ್ಡಿಗಳ ತುದಿ ಅಂಚಿನಿಂದ ಹೊರಚಾಚಿರುತ್ತದೆ.

ಮರದ ಬುಡಕ್ಕೆ ಹೋಗಿ ಹಿಕ್ಕೆ, ಮೂಳೆ ನೋಡಿ ಖಚಿತಪಡಿಸಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಆ ಕೆಲಸಕ್ಕೆ ಮರಿ ಹಾರಿದ ಮೇಲೆ ಬೇಕಾದಷ್ಟು ಸಮಯವಿದೆ.

ಕೂರುವ ಜಾಗ

ಎಷ್ಟು ದೂರ? ಅಮೆರಿಕದ ಬೋಳು ಹದ್ದಿಗಾಗಿ ಅಲ್ಲಿನ ಸರ್ಕಾರ 2007ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಕೆಲಸದ ಬಗೆಯನ್ನು ನೋಡಿ 330 ಅಡಿ (ಸುಮಾರು 100 ಮೀಟರ್) ಅಥವಾ 660 ಅಡಿ (ಸುಮಾರು 200 ಮೀಟರ್) ಅಂತರ, ಸಿಡಿತದಂಥ ಜೋರು ಸದ್ದಿಗೆ ಅರ್ಧ ಮೈಲಿ ಎಂದಿದೆ. ನಮ್ಮ ಹದ್ದುಗಳು ಬೇರೆ, ನಮ್ಮ ಗುಡ್ಡಗಳೂ ಬೇರೆ. ಆ ಅಂಕಿಗಳನ್ನು ಕನಿಷ್ಠ ಎಂದಿಟ್ಟುಕೊಂಡು ನೋಡುವವರು 250ರಿಂದ 300 ಮೀಟರಿನಲ್ಲಿ ಕೂರುವುದು ಒಳ್ಳೆಯದು.

ಇಳಿಜಾರಿನಲ್ಲಿ ದೂರಕ್ಕಿಂತ ಎತ್ತರ ಹೆಚ್ಚು ತೊಂದರೆ ಕೊಡುತ್ತದೆ. ಎದುರು ಗುಡ್ಡದಿಂದ ಗೂಡಿನೊಳಗೆಲ್ಲ ಕಾಣುತ್ತದೆಂದು ಅಲ್ಲಿ ಕೂತರೆ ನೀವು ಗೂಡಿಗಿಂತ ಮೇಲಿರುತ್ತೀರಿ. ತನಗಿಂತ ಮೇಲಿರುವ ಮನುಷ್ಯನನ್ನು ಹದ್ದು ಕೆಳಗಿರುವವನಿಗಿಂತ ಹೆಚ್ಚು ಶಂಕಿಸುತ್ತದೆ. ಗೂಡಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಜಾಗ ಸಿಕ್ಕರೆ ಉತ್ತಮ. ಮೇಲೆಯೇ ಕೂರಬೇಕಾದರೆ ಇನ್ನೂ 100 ಮೀಟರ್ ಹಿಂದೆ ಸರಿಯಿರಿ. ಬೆನ್ನ ಹಿಂದೆ ಮರವೋ ಕಡಿದಾದ ಮಣ್ಣಿನ ಬರೆಯೋ ಇರಲಿ. ಆಕಾಶದ ಎದುರು ನಿಮ್ಮ ತಲೆ ಮೂಡಬಾರದು.

ದೂರ ಅಳೆಯಲು ಲೇಸರ್ ಉಪಕರಣ ಇಲ್ಲದಿದ್ದರೆ ಉಪಗ್ರಹ ನಕ್ಷೆಯಲ್ಲಿ ಅಳೆಯಬಹುದು, ಆದರೆ ಅದು ಮಟ್ಟಸ ದೂರ. ನಕ್ಷೆಯಲ್ಲಿ 240 ಮೀಟರ್, ಎತ್ತರದ ವ್ಯತ್ಯಾಸ 70 ಮೀಟರ್ ಇದ್ದರೆ ನಿಜವಾದ ದೂರ 250 ಮೀಟರ್. ಇಷ್ಟು ಸಣ್ಣ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಎತ್ತರದ ವ್ಯತ್ಯಾಸ ದೂರದ ಅರ್ಧಕ್ಕಿಂತ ಹೆಚ್ಚಿದ್ದರೆ ಮಾತ್ರ ಲೆಕ್ಕ ಹಾಕಿ.

ಆರಿಸಿದ ಜಾಗವನ್ನು ಮೊದಲು ಪರೀಕ್ಷಿಸಬೇಕು. 400 ಮೀಟರಿನಿಂದ ಅರ್ಧ ಗಂಟೆ ನೋಡಿ, ಆಮೇಲೆ ಆರಿಸಿದ ಜಾಗಕ್ಕೆ ಬಂದು ಅರ್ಧ ಗಂಟೆ ಕೂರಿ. ಹಕ್ಕಿ ಮತ್ತೆ ಮತ್ತೆ ನಿಮ್ಮತ್ತಲೇ ತಿರುಗಿದರೆ, ಗರಿ ಬಿಗಿದು ತಗ್ಗಿ ಕೂತರೆ, ಅಥವಾ ಬಾಯಲ್ಲಿ ಕಡ್ಡಿ, ಬೇಟೆ ಹಿಡಿದು ಪಕ್ಕದ ಮರದಲ್ಲೇ ನಿಂತು ಗೂಡಿಗೆ ಬಾರದಿದ್ದರೆ ಆ ಜಾಗ ಆಗದು. ಹೋಗುವ ದಾರಿ, ಹೊತ್ತು, ಕೂರುವ ಕಲ್ಲು ಪ್ರತಿ ಸಲವೂ ಒಂದೇ ಇರಲಿ.

ಕಾಡಾನೆಯ ಮಾತು ಮರೆಯಬಾರದು. ಬೆಳಕು ಹರಿಯುವ ಮುಂಚೆ ಹೋಗಿ ಕೂರುವುದು ಪಕ್ಷಿ ನೋಡುವವರ ರೂಢಿ. ಕೊಡಗಿನ ತೋಟದಲ್ಲಿ ಅದು ಜೀವಕ್ಕೆ ಅಪಾಯ. ರಾತ್ರಿ ಆನೆ ಎಲ್ಲಿತ್ತು ಎಂದು ರೈಟರನ್ನೋ ಕಾವಲುಗಾರನನ್ನೋ ಕೇಳಿ, ಏಳೂವರೆಯ ನಂತರವೇ ಹೊರಡಿ, ಸಂಜೆ ಐದಕ್ಕೆ ರಸ್ತೆ ಸೇರಿ. ಒಬ್ಬರೇ ಹೋಗಬೇಡಿ.

ಎರಡು ಗಂಟೆಯ ಸರದಿ

ವಾರಕ್ಕೆ ಎರಡು ಸರದಿ: ಒಂದು ಗೂಡಿನ ಸುತ್ತ ಕೆಲಸವಿರುವ ದಿನ, ಇನ್ನೊಂದು ಕೆಲಸವಿಲ್ಲದ ದಿನ, ಎರಡೂ ಅದೇ ಹೊತ್ತಿನಲ್ಲಿ. ಕೆಲಸದ ದಿನ ಬೆಳಿಗ್ಗೆ ನೋಡಿ, ಬಿಡುವಿನ ದಿನ ಸಂಜೆ ನೋಡಿದರೆ ಕಂಡ ವ್ಯತ್ಯಾಸ ಜನರಿಂದ ಬಂದದ್ದೋ ಹೊತ್ತಿನಿಂದ ಬಂದದ್ದೋ ತಿಳಿಯುವುದಿಲ್ಲ. ಬೆಳಿಗ್ಗೆ 8ರಿಂದ 10 ಅನುಕೂಲದ ವೇಳೆ.

ಕುಳಿತ ಮೇಲೆ ಮೊದಲ 15 ನಿಮಿಷ ಏನನ್ನೂ ಲೆಕ್ಕಕ್ಕೆ ಹಿಡಿಯಬೇಡಿ, ನಿಮ್ಮ ಬರವಿನ ಗಲಾಟೆ ತಣ್ಣಗಾಗಲಿ. ಆಮೇಲೆ ಐದು ನಿಮಿಷಕ್ಕೊಮ್ಮೆ, ಗಡಿಯಾರ ಹೇಳಿದ ಆ ಕ್ಷಣದಲ್ಲಿ, ಹಕ್ಕಿ ಹೇಗಿದೆಯೆಂದು ಒಂದು ಗುರುತು ಹಾಕಿ. ಆ 15 ನಿಮಿಷ ಬಿಟ್ಟು ಎರಡು ಗಂಟೆಗೆ 24 ಗುರುತು. ‘ಕಾ’ ಎಂದರೆ ಕಾವಿಗೆ ಕೂತಿದೆ. ‘ನಿ’ ಗೂಡಿನ ಮೇಲೆ ನಿಂತಿದೆ. ‘ಉಣಿ’ ಮರಿಗೆ ತಿನ್ನಿಸುತ್ತಿದೆ. ‘ಕೊ’ ಗೂಡಿನ ಮರದ ಕೊಂಬೆಯಲ್ಲಿದೆ. ‘ಇಲ್ಲ’ ಎಂದರೆ ಗೂಡು ಚೆನ್ನಾಗಿ ಕಾಣುತ್ತಿದೆ, ಹಕ್ಕಿ ಇಲ್ಲ. ‘ಮಂ’ ಎಂದರೆ ಮಂಜು ಮುಸುಕಿ ಗೂಡೇ ಕಾಣುತ್ತಿಲ್ಲ. ಕೊನೆಯ ಎರಡನ್ನು ಬೆರೆಸುವುದೇ ಕೊಡಗಿನ ದಾಖಲೆಗಳಿಗೆ ಅಂಟುವ ದೊಡ್ಡ ರೋಗ. ಮಂಜಿನ ಹತ್ತು ನಿಮಿಷವನ್ನು ‘ಇಲ್ಲ’ ಎಂದು ಬರೆದರೆ ಕಾವಿಗೆ ಕೂತ ಹಕ್ಕಿಯನ್ನು ಗೂಡು ಬಿಟ್ಟಿತೆಂದು ದೂರಿದಂತಾಗುತ್ತದೆ.

ಗುರುತುಗಳ ನಡುವೆ ಏನೇ ನಡೆದರೂ (ಹಕ್ಕಿ ಎದ್ದಿತು, ಜೀಪು ಬಂತು, ಕೋವಿ ಸದ್ದಾಯಿತು) ನಿಮಿಷ ನಮೂದಿಸಿ ಬೇರೆ ಸಾಲಿನಲ್ಲಿ ಬರೆಯಿರಿ. ಒಬ್ಬರು ಕಣ್ಣು ತೆಗೆಯದೆ ಗೂಡು ನೋಡಲಿ, ಇನ್ನೊಬ್ಬರು ಜನರನ್ನು ನೋಡುತ್ತಾ ಬರೆಯಲಿ. ಅರ್ಧ ಗಂಟೆಗೊಮ್ಮೆ ಕೆಲಸ ಬದಲಿಸಿಕೊಳ್ಳಿ, ಅದಕ್ಕಿಂತ ಹೆಚ್ಚು ಹೊತ್ತು ಸ್ಕೋಪಿನಲ್ಲಿ ನೋಡಿದರೆ ಕಣ್ಣು ದಣಿದು ಸಣ್ಣ ಚಲನೆ ತಪ್ಪುತ್ತದೆ.

ಪ್ರತಿಕ್ರಿಯೆಗೆ ಅಂಕ

ಹದ್ದು ಜನರಿಗೆ ಹೇಗೆ ಪ್ರತಿಕ್ರಿಯಿಸಿತು ಎಂಬುದಕ್ಕೆ 0ರಿಂದ 5ರವರೆಗೆ ಅಂಕ ಕೊಡಿ.

0 – ಮಾಡುತ್ತಿದ್ದುದನ್ನೇ ಮುಂದುವರಿಸಿತು.
1 – ತಲೆ ತಿರುಗಿಸಿ ಹತ್ತು ಸೆಕೆಂಡಿಗಿಂತ ಹೆಚ್ಚು ಅತ್ತಲೇ ನೋಡಿತು.
2 – ಭಂಗಿ ಬದಲಾಯಿತು: ಎದ್ದು ನಿಂತಿತು, ಜುಟ್ಟು ಕೆದರಿತು, ಅಥವಾ ಗೂಡಿಗೆ ಒತ್ತಿಕೊಂಡು ಚಪ್ಪಟೆಯಾಯಿತು.
3 – ಕೂಗಿತು.
4 – ಗೂಡು ಬಿಟ್ಟಿತು, ಅರ್ಧ ಗಂಟೆಯೊಳಗೆ ಮರಳಿತು.
5 – ಅರ್ಧ ಗಂಟೆ ಕಳೆದರೂ ಮರಳಲಿಲ್ಲ, ಅಥವಾ ಜನರ ಮೇಲೆರಗಿತು.

ಹೊಸಬರು ಎಡವುವುದು 2ರಲ್ಲಿ. ಚಪ್ಪಟೆಯಾಗಿ ಕೂತ ಹಕ್ಕಿ ದೂರದಿಂದ ನೋಡುವವರಿಗೆ ‘ಹಾಯಾಗಿ ಕೂತಿದೆ, ನಮಗೆ ಒಗ್ಗಿಹೋಗಿದೆ’ ಎಂಬಂತೆ ಕಾಣುತ್ತದೆ. ಹಾಯಾಗಿರುವ ಹದ್ದು ಗರಿ ಸಡಿಲ ಬಿಟ್ಟು, ಆಗಾಗ ಮೈ ಕೆದಕಿಕೊಂಡು, ಮೊಟ್ಟೆ ಹೊರಳಿಸಲು ಎದ್ದು ಕೂರುತ್ತದೆ. ಹೆದರಿ ಅಡಗಿದ್ದು ಕಲ್ಲಿನಂತಿರುತ್ತದೆ: ತಲೆ ಅಂಚಿಗಿಂತ ಕೆಳಗೆ, ಗರಿ ಮೈಗಂಟಿ, ಅಲುಗಾಟ ಇಲ್ಲ. ಅದು ಹಾರದೆ ಉಳಿದ ಮಾತ್ರಕ್ಕೆ 0 ಕೊಡಬೇಡಿ.

ಅಂಕದ ಜೊತೆಗೆ ಇನ್ನೊಂದು ಅಳತೆ ಬೇಕು, ನಮ್ಮ ಮಟ್ಟಿಗೆ ಅದು ಅಂಕಕ್ಕಿಂತಲೂ ಮುಖ್ಯ: ಮೊದಲಿನ ಕೆಲಸಕ್ಕೆ ಮರಳಲು ಹಿಡಿದ ನಿಮಿಷ. ಎದ್ದ ಹೊತ್ತು, ಮತ್ತೆ ಕಾವಿಗೆ ಕೂತ ಹೊತ್ತು ಎರಡನ್ನೂ ಬರೆಯಿರಿ. ಗೂಡಿನ ಅಂಚಿಗೆ ಮರಳಿದ್ದನ್ನು ಕೂತದ್ದೆಂದು ಎಣಿಸಬೇಡಿ. ಹಲವು ಸಲ ಅಂಚಿಗೆ ಬಂದು ಐದು ಹತ್ತು ನಿಮಿಷ ಸುಮ್ಮನೆ ನಿಂತಿರುತ್ತದೆ. ಜನವರಿಯ ಬೆಳಗಿನ ಚಳಿಯಲ್ಲಿ ಮೊಟ್ಟೆ ತಣ್ಣಗಾಗುವುದು, ಮಾರ್ಚಿನ ಬಿಸಿಲಲ್ಲಿ ನೆರಳಿಲ್ಲದೆ ಕಾಯುವುದು, ಆ ತೆರವಿನಲ್ಲಿ ಕಾಡುಕಾಗೆ ನುಗ್ಗುವುದು ಎಲ್ಲವೂ ಈ ನಿಮಿಷಗಳಲ್ಲೇ ನಡೆಯುತ್ತವೆ.

ಹಕ್ಕಿ ಎಷ್ಟು ಹತ್ತಿರಕ್ಕೆ ಬಿಡುತ್ತದೆಂದು ನೋಡಲು ಬೇಕೆಂದೇ ಗೂಡಿನತ್ತ ನಡೆಯುವ ಪ್ರಯೋಗ ಸಂಶೋಧಕರು ಅನುಮತಿ ಪಡೆದು ಮಾಡುವಂಥದ್ದು. ಊರ ತಂಡ ಅದಕ್ಕೆ ಕೈ ಹಾಕಬಾರದು. ತೋಟದಲ್ಲಿ ತಾನಾಗಿ ನಡೆಯುವ ಓಡಾಟವೇ ಬೇಕಾದಷ್ಟು ಉದಾಹರಣೆ ಒದಗಿಸುತ್ತದೆ.

ಜನರ ಕಾಲಂ

ಪ್ರತಿ ಘಟನೆಗೂ ಆರು ವಿಷಯ ಬರೆಯಿರಿ: ಏನು ಕೆಲಸ, ಎಷ್ಟು ಜನ, ಗೂಡಿನಿಂದ ಅಂದಾಜು ಎಷ್ಟು ಮೀಟರ್, ಗೂಡಿನಿಂದ ಅವರು ಕಾಣುತ್ತಾರೋ ಇಲ್ಲವೋ, ಎಷ್ಟು ನಿಮಿಷ ಇದ್ದರು, ನಡೆಯುತ್ತಾ ಹೋದರೋ ನಿಂತರೋ. ಕೊನೆಯದನ್ನು ಬಿಡಬೇಡಿ. ದಾರಿಯಲ್ಲಿ ಹಾದುಹೋಗುವ ಜೀಪಿಗಿಂತ ಇಳಿದು ನಿಂತು ಮೇಲೆ ನೋಡುವ ಒಬ್ಬ ಮನುಷ್ಯ ಹದ್ದಿಗೆ ಸಾಮಾನ್ಯವಾಗಿ ದೊಡ್ಡ ಬೆದರಿಕೆ.

ಕಾಣುವುದು, ಕೇಳುವುದು ಎರಡನ್ನೂ ಬೇರೆಬೇರೆಯಾಗಿ ಗುರುತಿಸಿ. ಕಾಫಿ ಕುಯ್ಯುವವರು ಗಿಡಗಳ ನಡುವೆ ಮಾತಾಡಿಕೊಂಡು ಇಡೀ ದಿನ ಇದ್ದರೂ ನೆರಳಿನ ಕೆಳಗೆ ಮರೆಯಾಗಿರುತ್ತಾರೆ, ಸದ್ದು ಏಕರೂಪವಾಗಿರುತ್ತದೆ. ಮೆಣಸು ಕುಯ್ಯುವವನು ಒಬ್ಬನೇ ಆದರೂ ಏಣಿ ಹತ್ತಿ ಗೂಡಿನ ಮಟ್ಟದತ್ತ ಏರುತ್ತಾನೆ. ಮರಗಸಿಯಲ್ಲಿ ಆಳು ಮರದ ನೆತ್ತಿಯಲ್ಲೇ ಇರುತ್ತಾನೆ, ಕೊಂಬೆ ಮುರಿದು ಬೀಳುವ ಸದ್ದು ಬೇರೆ, ಗೂಡಿನ ಮರೆಯೂ ಹೋಗುತ್ತದೆ. ಹೀಗಾಗಿ ‘ತೋಟದ ಕೆಲಸ’ ಎಂದು ಒಟ್ಟಿಗೆ ಬರೆದರೆ ಏನೂ ತಿಳಿಯುವುದಿಲ್ಲ. ಸ್ಪ್ರಿಂಕ್ಲರಿನ ಡೀಸೆಲ್ ಪಂಪು, ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಚೈನ್‌ಸಾ, ಆನೆ ಓಡಿಸುವ ಪಟಾಕಿ, ಹೋಂಸ್ಟೇಯ ಸಂಗೀತ, ಡ್ರೋನ್ – ಪ್ರತಿಯೊಂದಕ್ಕೂ ಬೇರೆ ಹೆಸರು. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಹಾರಿಸುವ ಗುಂಡನ್ನೂ ಬರೆಯಿರಿ. ಆಗ ಕೆಲವು ಜೋಡಿಗಳು ಕಡ್ಡಿ ಹೊರಲು ಶುರು ಮಾಡಿರುತ್ತವೆ, ಒಂದೆರಡು ದಿನ ಗೂಡಿನ ಕಡೆ ಬರುತ್ತವೋ ಇಲ್ಲವೋ ನೋಡುವುದು ಉಪಯೋಗಕ್ಕೆ ಬರುತ್ತದೆ.

ತುಂಬಿದ ಸಾಲು ಹೀಗಿರುತ್ತದೆ (ಮಾದರಿಗಾಗಿ ಮಾತ್ರ): 8.42, ಮೆಣಸು ಏಣಿ, 2 ಜನ, 90 ಮೀ., ಕಾಣುತ್ತಾರೆ, 25 ನಿಮಿಷ, ನಿಂತರು, ಹಕ್ಕಿ 8.44ಕ್ಕೆ ಅಂಕ 2 (ಚಪ್ಪಟೆ), 8.51ಕ್ಕೆ ಅಂಕ 4, 9.12ಕ್ಕೆ ಅಂಚಿಗೆ, 9.19ಕ್ಕೆ ಕಾವಿಗೆ. ಕಾವಿಲ್ಲದೆ ಹೋದದ್ದು 28 ನಿಮಿಷ.

ಮನುಷ್ಯರದ್ದಲ್ಲದ ಕಿರುಕುಳವನ್ನೂ ಬರೆಯಬೇಕು. ಕಾಜಾಣ, ಕಾಗೆ ಅಟ್ಟಿಸಿಕೊಂಡು ಬಂದದ್ದು, ಮಂಗನ ಹಿಂಡು ಮರ ದಾಟಿದ್ದು, ಏಪ್ರಿಲಿನ ಗುಡುಗುಮಳೆಯ ಗಾಳಿ. ಇವನ್ನು ಬಿಟ್ಟರೆ ಎಲ್ಲ ತಪ್ಪೂ ಕಾರ್ಮಿಕರ ತಲೆಗೆ ಬರುತ್ತದೆ.

ಮರಿಯ ದಿನಗಣನೆ

ಹಕ್ಕಿ ಬಿಡದೆ ಕೂರಲು ಶುರುವಾದ ದಿನವನ್ನು ಗುರುತಿಟ್ಟರೆ ಮುಂದಿನದನ್ನು ಲೆಕ್ಕ ಹಾಕಬಹುದು. ಪನ್ನಗಾರಿ ಫೆಬ್ರವರಿ 1ಕ್ಕೆ ಕೂತರೆ ಮಾರ್ಚ್ 14ರ ಹೊತ್ತಿಗೆ ಮರಿ, ಮೇ ಎರಡನೇ ವಾರದಲ್ಲಿ ಹಾರಾಟ. ಮೊದಲ ಮೊಟ್ಟೆ ಹಾಳಾದರೆ ಎರಡರಿಂದ ಏಳು ವಾರದಲ್ಲಿ ಮತ್ತೊಂದು ಇಡುವುದುಂಟು. ಆಗ ಲೆಕ್ಕ ಮುಂಗಾರಿನವರೆಗೂ ಹೋಗುತ್ತದೆ, ಮರಗಸಿಯ ಹಂಗಾಮಿಗೆ ನೇರ ಎದುರಾಗುತ್ತದೆ.

ಮರಿ ದೊಡ್ಡದಾದಷ್ಟೂ ಅಪಾಯ ಕಡಿಮೆ ಎಂದುಕೊಳ್ಳುವವರೇ ಹೆಚ್ಚು. ಗರಿ ಬಂದು ಇನ್ನೂ ಹಾರಲಾಗದ ಕೊನೆಯ ಎರಡು ಮೂರು ವಾರ ಮೊಟ್ಟೆಯ ಕಾಲದಷ್ಟೇ ನಾಜೂಕು. ಹೆದರಿದರೆ ಮರಿ ಗೂಡಿನಿಂದ ಜಿಗಿಯುತ್ತದೆ. ಕೆಳಗೆ ನಾಯಿ, ಕಾಡುಬೆಕ್ಕು. ಆ ವಾರಗಳಲ್ಲಿ ನೀವೂ ಇನ್ನೂ 50 ಮೀಟರ್ ಹಿಂದೆ ಸರಿದು ಕೂರಿ.

ಅಂಕಿ ಕೂಡಿಸುವುದು

ಹೊಸ ತಂಡದ ಇಬ್ಬರು ಮೊದಲ ಎರಡು ಸರದಿಗಳನ್ನು ಒಬ್ಬರದನ್ನೊಬ್ಬರು ನೋಡದೆ ಬರೆಯಲಿ. 24 ಗುರುತುಗಳಲ್ಲಿ ಮೂರಕ್ಕಿಂತ ಹೆಚ್ಚು ಹೊಂದದಿದ್ದರೆ ‘ನಿ’, ‘ಕಾ’ಗಳ ಅರ್ಥದಲ್ಲೇ ಒಮ್ಮತವಿಲ್ಲ ಎಂದಾಯಿತು, ಸರಿಪಡಿಸಿಕೊಂಡೇ ಮುಂದುವರಿಯಿರಿ.

ಗೂಡಿನ ಹಾಜರಿ ತೆಗೆಯುವಾಗ ಮಂಜಿನ ಗುರುತುಗಳನ್ನು ಕಳೆಯಿರಿ. 24ರಲ್ಲಿ 4 ಮಂಜು, 17 ಕಾವು ಇದ್ದರೆ ಹಾಜರಿ 20ಕ್ಕೆ 17, ಅಂದರೆ ಶೇ. 85. ಕೆಲಸದ ದಿನದ ಹಾಜರಿಯನ್ನು ಅದೇ ವಾರದ ಬಿಡುವಿನ ದಿನದ ಹಾಜರಿಯ ಪಕ್ಕದಲ್ಲಿಟ್ಟು ನೋಡಿ. ಕಾವಿನ ವಾರವನ್ನು ಮರಿಯ ವಾರದೊಡನೆ ಹೋಲಿಸಬೇಡಿ. ಮರಿ ಬೆಳೆದಂತೆ ತಾಯಿ ತಾನಾಗಿಯೇ ಹೆಚ್ಚು ಹೊತ್ತು ಹೊರಗಿರುತ್ತದೆ, ಅದಕ್ಕೆ ಜನ ಕಾರಣರಲ್ಲ. ಒಂದು ಗೂಡಿನ ಒಂದು ವರ್ಷದ ಅಂಕಿಯಿಂದ ಆ ಗೂಡಿನ ಬಗ್ಗೆ ಹೇಳಬಹುದು, ಜಿಲ್ಲೆಯ ಬಗ್ಗೆ ಅಲ್ಲ.

ತೋಟದ ಕೆಲಸ ಹೊಂದಿಸುವುದು

ದಾಖಲೆಯನ್ನು ಮಾಲೀಕರ ಮುಂದಿಡುವಾಗ ‘ಹದ್ದು ಉಳಿಸಿ’ ಎಂದರೆ ತಲೆಯಾಡಿಸಿ ಕಳಿಸುತ್ತಾರೆ. ‘ಈ ಬ್ಲಾಕಿನ ಈ ನಾಲ್ಕು ಮರದ ಮರಗಸಿ ಮೇ ಕೊನೆಗೆ ಹಾಕಿಕೊಳ್ಳಬಹುದೇ’ ಎಂದರೆ ಮಾತು ಮುಂದುವರಿಯುತ್ತದೆ. ಎಲ್ಲಕ್ಕಿಂತ ತೊಡಕಿನದು ಗೂಡಿನ ಮರಕ್ಕೇ ಹಬ್ಬಿದ ಮೆಣಸಿನ ಬಳ್ಳಿ. ಕುಯ್ಲಿನ ಕಾಲ ಜನವರಿಯಿಂದ ಮಾರ್ಚ್, ಸರಿಯಾಗಿ ಮೊಟ್ಟೆಯ ಕಾಲ. ಆ ಒಂದು ಬಳ್ಳಿಯ ಫಸಲು ಬಿಟ್ಟುಬಿಡಿ ಎಂದು ಕೇಳುವುದೇ ಸರಿ, ಬಿಟ್ಟ ನಷ್ಟ ಕೆಲವು ಕಿಲೋ ಒಣ ಕರಿಮೆಣಸಿನ ಬೆಲೆ. ಅಕ್ಕಪಕ್ಕದ ಮರಗಳಲ್ಲಾದರೆ ಬಿಸಿಲು ಸುಡುವ ಮುನ್ನ, ಮಂಜು ಕರಗಿದ ಮೇಲೆ, ಒಮ್ಮೆಗೆ 15–20 ನಿಮಿಷದಂತೆ ಕುಯ್ದು ಸರಿಯಲಿ. ಹಕ್ಕಿ ಮರಳಿ ಕೂತದ್ದನ್ನು ದೂರದಿಂದ ನೋಡಿದವರು ಫೋನ್ ಮಾಡಿದ ಮೇಲೆ ಮುಂದಿನ ಮರ.

ಚೈನ್‌ಸಾ ಮತ್ತು ಮರ ಸಾಗಿಸುವ ಕೆಲಸಕ್ಕೆ 200 ಮೀಟರ್ ದೂರ ಕೇಳಿ. ಗೂಡಿನ ಮರದ ಸುತ್ತ 50 ಮೀಟರಿನೊಳಗಿನ ದೊಡ್ಡ ಮರಗಳನ್ನು ಕಡಿಯದೆ ಬಿಟ್ಟರೆ ಗಾಳಿಗೆ ಆಸರೆ, ಮರಿಗೆ ಮೊದಲ ಹಾರಾಟದ ಕೊಂಬೆ ಎರಡೂ ಉಳಿಯುತ್ತವೆ. ಆನೆ ಓಡಿಸುವುದನ್ನು ಮಾತ್ರ ನಿಲ್ಲಿಸಲು ಕೇಳಬೇಡಿ. ಅಲ್ಲಿ ಮನುಷ್ಯರ ಜೀವದ ಪ್ರಶ್ನೆ ಇದೆ. ಪಟಾಕಿ ಸಿಡಿಸಿದ ದಿಕ್ಕು, ಹೊತ್ತು ಬರೆದಿಟ್ಟರೆ ಸಾಕು. ಕೋಳಿಮರಿ ಹೋಯಿತೆಂದು ಲೈನ್‌ಮನೆಯವರು ಕೋಪಗೊಂಡಿದ್ದರೆ ಅದನ್ನೂ ಪುಸ್ತಕದಲ್ಲಿ ಬರೆಯಿರಿ, ಮರಿಗಳಿರುವ ಆ ಎರಡು ತಿಂಗಳಿಗೆ ಹಳೆಯ ಬಲೆ ಹೊದಿಸಿದ ಕೋಳಿಗೂಡು ಮಾಡಿಕೊಡಿ. ಉಪದೇಶಕ್ಕಿಂತ ಬಲೆ ಬೇಗ ಕೆಲಸ ಮಾಡುತ್ತದೆ.

ಗುಟ್ಟು

ಪುಸ್ತಕದಲ್ಲಿ ‘ಗೂಡು 3’ ಎಂದಷ್ಟೇ ಇರಲಿ. ಯಾವ ತೋಟ ಎಂಬ ಕೀಲಿ ಒಬ್ಬರ ಬಳಿ ಮಾತ್ರ. ಮೊಬೈಲ್ ಕ್ಯಾಮೆರಾದ ಸ್ಥಳ ಗುರುತು ಆರಿಸಿಡಿ. ವಾಟ್ಸಾಪ್ ಗುಂಪಿಗೆ ಗೂಡಿನ ಚಿತ್ರ ಹಾಕಿದ ವಾರದಲ್ಲಿ ದೊಡ್ಡ ಲೆನ್ಸಿನವರು ಹೋಂಸ್ಟೇ ಹಿಡಿದು ಬರುತ್ತಾರೆ. ಇ-ಬರ್ಡಿನಲ್ಲಿ (ಹಕ್ಕಿ ನೋಡುವವರು ದಾಖಲೆ ಹಾಕುವ ಜಾಲತಾಣ) ದಾಖಲಿಸುವುದಾದರೆ ಹಂಗಾಮು ಮುಗಿದ ಮೇಲೆ, ಊರಿನ ಮಟ್ಟದ ಸ್ಥಳ ಕೊಟ್ಟು. ಬಂದವರಿಗೆ ಹೇಳುವ ಮಾತು ಸಣ್ಣದಿರಲಿ: ‘ಅಣ್ಣಾ, ಗೂಡಿನ ಹತ್ತಿರ ಹೋಗುವುದು ಕಾನೂನಿನ ತೊಂದರೆ, ಮೇಲಾಗಿ ಆ ಬದಿ ಆನೆ ಇದೆ.’ ಎರಡನೆಯದು ಹೆಚ್ಚು ನಾಟುತ್ತದೆ, ಹೆಚ್ಚಿನ ದಿನ ನಿಜವೂ ಹೌದು.

ಮರಿ ಕೆಳಗೆ ಬಿದ್ದರೆ

ಪೂರ್ತಿ ಗರಿ ಬಂದಿದ್ದು, ಕಣ್ಣು ಚುರುಕಾಗಿ, ನಿಲ್ಲಲು ಶಕ್ತವಾಗಿದ್ದರೆ ದಪ್ಪ ಗೋಣಿಚೀಲ ಹೊದಿಸಿ ಎತ್ತಿ ಹತ್ತಿರದ ಕೊಂಬೆಯ ಮೇಲಿಟ್ಟು ನಾಯಿಗಳನ್ನು ಕಟ್ಟಿಸಿ ದೂರ ಹೋಗಿ; ತಾಯಿ ಅಲ್ಲೇ ತಿನ್ನಿಸುತ್ತದೆ. ಉಗುರಿನ ಬಗ್ಗೆ ಎಚ್ಚರ, ಕೊಕ್ಕಿಗಿಂತ ಪಂಜದ ಗಾಯ ಆಳ. ಬಿಳಿ ತುಪ್ಪಳದ ಮರಿಯಾದರೆ, ರೆಕ್ಕೆ ಜೋತಿದ್ದರೆ, ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ ಕತ್ತಲಲ್ಲಿಟ್ಟು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಕೂಡಲೇ ತಿಳಿಸಿ. ಬಾಯಿಗೆ ನೀರು ಬಿಡಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಅನ್ನ, ಹಾಲು, ಮೊಟ್ಟೆ ಯಾವುದೂ ಬೇಡ.

ಮರಿ ಹಾರಿದ ಮೇಲೆ

ಗೂಡು ಖಾಲಿಯಾಗಿ ಮೂರು ವಾರ ಕಳೆದ ಮೇಲೆ, ಮಳೆ ಬಿಡುವು ಕೊಟ್ಟ ದಿನ, ಮೊದಲ ಸಲ ಮರದ ಬುಡಕ್ಕೆ ಹೋಗಿ. ಮರದ ಜಾತಿ, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ, ಗೂಡು ಯಾವ ಕವಲಿನಲ್ಲಿದೆ, ಗೂಡಿನ ಮುಖ ಯಾವ ದಿಕ್ಕಿಗೆ, ಹತ್ತಿರದ ದಾರಿ, ಲೈನ್‌ಮನೆ, ನೀರು ಎಷ್ಟು ದೂರ ಎಂದು ಅಳೆಯಿರಿ. ಕೆಳಗೆ ಬಿದ್ದ ಮೂಳೆ, ಹಾವಿನ ಬೆನ್ನೆಲುಬು, ಅಳಿಲಿನ ಬಾಲ ಇದ್ದಲ್ಲೇ ಚಿತ್ರ ತೆಗೆದು ಪಕ್ಕದಲ್ಲಿ ಅಳತೆಗೆ ಪೆನ್ಸಿಲ್ ಇಡಿ. ಗರಿ ಸಿಕ್ಕರೂ ಮನೆಗೆ ತರಬೇಡಿ. ಸಂರಕ್ಷಿತ ಹಕ್ಕಿಯ ಗರಿ ಇಟ್ಟುಕೊಳ್ಳುವುದು ಕಾನೂನಿನ ತೊಡಕಿಗೆ ದಾರಿ. ಈ ಮರದ ಹೆಸರನ್ನು ರೈಟರಿನ ಮುಂದಿನ ವರ್ಷದ ಮರಗಸಿ ಪಟ್ಟಿಯಲ್ಲಿ ‘ಬಿಡಬೇಕಾದ್ದು’ ಎಂದು ಅಂದೇ ಬರೆಸಿ; ಅಕ್ಟೋಬರ್ ತನಕ ಕಾದರೆ ಪಟ್ಟಿ ಗುತ್ತಿಗೆದಾರನ ಕೈ ಸೇರಿರುತ್ತದೆ.